ಅಂಟಿಸಿದವನಿಗೇ ತಿಳಿಯದ ಹೆಸರು

"ಒಂಬತ್ತನೇ ನಂಬರು," ಎಂದು ಆಕೆ ಮತ್ತೊಮ್ಮೆ ಅಂದರು. "ಒಲೆಬೀದಿ, ಒಂಬತ್ತನೇ ನಂಬರು. ನನ್ನ ತಮ್ಮ ಇದ್ದದ್ದು ಅಲ್ಲೇ. ವರ್ಷಾವರ್ಷ ಕ್ರಿಸ್‌ಮಸ್ಸಿಗೆ ಲಿವೊರ್ನೊಗೆ ನನ್ನ ನೋಡೋಕೆ ಬಂದಾಗ ಅದನ್ನೇ ಹೇಳ್ತಿದ್ದ. ಅವನ ಸಾವಿನ ನೋಟೀಸು ಊರಿಗೆಲ್ಲ ಅಂಟಿಸಿದ್ದೀರಿ, ಅವನು ಯಾರು ಅಂತ ಗೊತ್ತಿಲ್ಲ ಅಂತೀರಲ್ಲ ಸ್ವಾಮಿ!"

ನನ್ನ ಕುಂಚದಿಂದ ಒಂದು ತೊಟ್ಟು ಅಂಟು ಬೂಟಿನ ಮೇಲೆ ಬಿತ್ತು. ನಲವತ್ತು ವರ್ಷದಲ್ಲಿ ಇದೇ ಮೊದಲು.

ಒಲೆಬೀದಿಯ ಒಂಬತ್ತನೇ ನಂಬರು ಹೆಗ್ಗಣನ ಮನೆ.

ಮೂರು ದಿನದಿಂದ ನನ್ನ ಜೊತೆಗಾರ ಹೆಗ್ಗಣ ಇಸ್ಪೀಟಿಗೆ ಬಂದಿಲ್ಲ, ಅವನಿಗಾಗಿ ನಾನು ಹದಿನೇಳು ಗುಡ್ಡ, ನೂರಾ ಎಂಬತ್ತು ಗವಿ ಜಾಲಾಡಿದ್ದೇನೆ ಎಂಬುದು ಊರಿಗೇ ತಿಳಿದದ್ದು. ಜಾಲಾಡದೆ ಬಿಟ್ಟ ಒಂದೇ ಒಂದು ಜಾಗವೆಂದರೆ ನಾನೇ ಅಂಟಿಸಿದ ಈ ಕಾಗದ. ಅದು ಬಸ್ ನಿಲ್ದಾಣದ ಗೋಡೆಯ ಮೇಲೆ ನಮ್ಮ ಮೂಗಿನ ಎದುರಿಗೇ ಇತ್ತು. ಕಪ್ಪು ಅಂಚು, ಮೇಲೊಂದು ಶಿಲುಬೆ, ಕೆಳಗೆ ಎರಡು ಸಾಲು: 'ಎವಾಂದ್ರೊ ಬಾರ್ತೊಚ್ಚೀನಿ ತೀರಿಕೊಂಡರು. ಅಂತ್ಯಕ್ರಿಯೆ ಶುಕ್ರವಾರ ಬೆಳಗ್ಗೆ ಏಳಕ್ಕೆ.'

ತಿಬೆರ್ ನದಿಯಿಂದ ಆರ್ನೊ ನದಿಯವರೆಗೆ ನನ್ನಂಥ ಪತ್ತೇದಾರ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ನಮ್ಮ ಕಾಸ್ಟೆಲ್‌ತೂಫೊ ಊರಿನ ಅಸೂಯೆಯಿಂದ. ಸಂಬಳಕ್ಕೆ ಮಾತ್ರ ನಾನು ಪುರಸಭೆಯ ನೋಟೀಸು ಅಂಟಿಸುವವನು. ಇದುವರೆಗೆ ಹನ್ನೆರಡು ಲಕ್ಷ ನೋಟೀಸು ಅಂಟಿಸಿದ್ದೇನೆ. ನನ್ನ ಅಂಟು ಎಂಥದ್ದೆಂದರೆ, ಒಂದು ಮಳೆಗಾಲದಲ್ಲಿ ಕುಂಬಾರರ ಓಣಿಯ ಗೋಡೆ ಪೂರಾ ಕುಸಿದುಬಿತ್ತು, ನೋಟೀಸು ಮಾತ್ರ ನಿಂತೇ ಇತ್ತು. ಊರಿನವರು ನನ್ನನ್ನು ಕರೆಯುವುದೂ ಅಂಟಣ್ಣ ಎಂದೇ. ಜಿಸ್ಮೊಂದೊ ಎಂಬ ಹೆಸರು ನನ್ನ ಹೆಂಡತಿಗೆ ಗೊತ್ತು, ಅದೂ ಸಿಟ್ಟು ಬಂದಾಗ.

ಇಲ್ಲಿ ಎಲ್ಲರದ್ದೂ ಅದೇ ಕಥೆ. ಹುಟ್ಟಿದ ವಾರಕ್ಕೆ ಪಾದ್ರಿ ಒಂದು ಹೆಸರಿಡುತ್ತಾನೆ, ಬುದ್ಧಿ ಬರುವ ಹೊತ್ತಿಗೆ ನೆರೆಯವರು ಇನ್ನೊಂದಿಡುತ್ತಾರೆ. ಮೊದಲನೆಯದು ಎರಡೇ ಸಲ ಹೊರಗೆ ಬರುತ್ತದೆ, ಮದುವೆಗೆ ಮತ್ತು ಸಾವಿಗೆ. ಸಾವಿನ ನೋಟೀಸಿನಲ್ಲಿ ಅದರ ಕೆಳಗೆ 'ಊರಿಗೆ ಹೀಗೆ ಪರಿಚಿತರು' ಎಂದು ಅಡ್ಡಹೆಸರು ಅಚ್ಚಾಗಲೇಬೇಕು. ಇಲ್ಲದಿದ್ದರೆ ಸತ್ತವರು ಯಾರೆಂದು ಅವರ ಬೀಗರಿಗೂ ತಿಳಿಯುವುದಿಲ್ಲ.

ಈ ನೋಟೀಸಿನಲ್ಲಿ ಆ ಸಾಲು ಇರಲಿಲ್ಲ. ಯಾರೋ ಪರಸ್ಥಳದವನು ಎಂದುಕೊಂಡು ಗುರುವಾರ ಬೆಳಗ್ಗೆ ಅರವತ್ತು ಗೋಡೆಗೆ ಅಂಟಿಸಿದೆ. ಆಮೇಲೆ ಸೆರಾಫೀನಾಳ ಬಾರಿನಲ್ಲಿ ಕೂತು, ಮೂವತ್ತು ವರ್ಷದ ನನ್ನ ಇಸ್ಪೀಟಿನ ಜೊತೆಗಾರ ಯಾಕೆ ಬರಲಿಲ್ಲ ಎಂದು ಸಂಜೆವರೆಗೂ ಬೈದೆ.

"ಹೆಗ್ಗಣ ಅಂದ್ರೆ?" ಎಂದರು ಆಕೆ.

"ನೆಲ ತೋಡ್ತಾನಲ್ಲ ಅಕ್ಕಾ, ಅದಕ್ಕೆ. ಕಬ್ಬಿಣದ ಸರಳು ಚುಚ್ಚಿ, ಕೈಗೆ ಬರೋ ಅದುರಿನ ಮೇಲೇ ಹೇಳಿಬಿಡ್ತಿದ್ದ, ಕೆಳಗೆ ಹಳೇ ಸಮಾಧಿ ಇದೆಯೋ ಬರೀ ಬಂಡೆಯೋ ಅಂತ. ಸರ್ಕಾರಕ್ಕೆ ಅವನು ಕಳ್ಳ. ನಮಗೆ... ಬಿಡಿ, ನಮಗೂ ಕಳ್ಳನೇ. ಇಸ್ಪೀಟಿನಲ್ಲಿ ಮಹಾಕಳ್ಳ."

"ಎವಾಂದ್ರೊ ಇಸ್ಪೀಟು ಆಡೋನಲ್ಲ. ನಮ್ಮಮ್ಮನ ಮುಂದೆ ಆಣೆ ಮಾಡಿದ್ದ."

"ಅಕ್ಕಾ, ನಾನೂ ನಮ್ಮಮ್ಮನ ಮುಂದೆ ಏನೇನೋ ಆಣೆ ಮಾಡಿದ್ದೀನಿ."

ಆಕೆ ನಗಲಿಲ್ಲ. ಹೆಸರು ಪಲ್ಮೀರಾ, ವಯಸ್ಸು ಅರವತ್ತನಾಲ್ಕು, ಲಿವೊರ್ನೊದ ಕನ್ಯಾಮಠದಲ್ಲಿ ಅಡುಗೆಯವರು. ನಮ್ಮೂರಿಗೆ ಕಾಲಿಟ್ಟದ್ದೇ ಇವತ್ತು, ಮಧ್ಯಾಹ್ನ ಹನ್ನೆರಡರ ಬಸ್ಸಿನಲ್ಲಿ. ಮೂರು ತಿಂಗಳ ಹಿಂದೆ ಬಂದ ಹೊಸ ಪಾದ್ರಿ ಸತ್ತವನ ಕೋಟಿನ ಜೇಬಿನಲ್ಲಿ ಈಕೆಯ ವಿಳಾಸ ನೋಡಿ ತಂತಿ ಕಳಿಸಿದ್ದನಂತೆ. ತಂತಿ ತಲುಪುವಷ್ಟರಲ್ಲಿ ಪೂಜೆ ಮುಗಿದಿತ್ತು. ಪೂಜೆಗೆ ಬಂದವರು ಪಾದ್ರಿ ಬಿಟ್ಟರೆ ಒಬ್ಬರೇ ಒಬ್ಬರು, ಪ್ರೊಫೆಸರ್ ಪಾಂತಾನಿ.

"ಪೆಟ್ಟಿಗೆ ಸ್ಮಶಾನದಲ್ಲಿದೆ," ಎಂದರು ಪಲ್ಮೀರಾ. "ಒಳಗಿನ ತಗಡಿಗೆ ಬೆಸುಗೆ ಹಾಕಿಬಿಟ್ಟಿದ್ದಾರೆ. ಗಾರೆಯವನು ನಾಲ್ಕು ಗಂಟೆಗೆ ಪೆಟ್ಟಿಗೆಯನ್ನ ಗೋಡೆಯ ಗೂಡಿಗೆ ತಳ್ಳಿ ಮುಚ್ಚುತ್ತಾನಂತೆ. ನನಗೆ ಯಾರ ಮೇಲೂ ದೂರಿಲ್ಲ ಸ್ವಾಮಿ. ಮುಚ್ಚೋ ಮುಂಚೆ ಅವನ ಮುಖ ಒಂದು ಸಲ ನೋಡಬೇಕು, ಅಷ್ಟೆ. ಕೇಳಿದ್ರೆ ಪಾದ್ರಿ, ಪ್ರೊಫೆಸರನ್ನ ಕೇಳಿ ಅಂತಾರೆ. ಸ್ಮಶಾನದವನು ಠಾಣೆ ಕೇಳಿ ಅಂತಾನೆ. ಠಾಣೆಯವರು ವಿತೆರ್ಬೊದಿಂದ ಕಾಗದ ತನ್ನಿ ಅಂತಾರೆ."

ಆಗ ಗಂಟೆ ಒಂದೂವರೆ.

ನಾನು ನನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಅಂಟಿಸಿದ ನೋಟೀಸನ್ನು ಕಿತ್ತೆ. ಸುಲಭವಾಗಿರಲಿಲ್ಲ. ಅರ್ಧ ಗಾರೆಯೂ ಜೊತೆಗೇ ಬಂತು. ಅದನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡೆ.

ಪಲ್ಮೀರಾರನ್ನು ಕರೆದುಕೊಂಡು ಪ್ರೊಫೆಸರರ ಮನೆಗೆ ಹೊರಟ ದಾರಿಯಲ್ಲಿ ಪುರಸಭೆಯ ಗುಮಾಸ್ತೆ ಒಫೇಲಿಯಾ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು.

"ಒಫೇಲಿಯಾ! ಒಲೆಬೀದಿ ಒಂಬತ್ತರಲ್ಲಿ ದಾಖಲೆ ಪ್ರಕಾರ ಯಾರಿದ್ದಾರೆ?"

"ಇವತ್ತು ಶನಿವಾರ ಅಂಟಣ್ಣ, ಕಚೇರಿ ಇಲ್ಲ."

"ಕಚೇರಿ ಇಲ್ಲ, ನಿನ್ನ ತಲೆ ಇದೆಯಲ್ಲ!"

"ಬಾರ್ತೊಚ್ಚೀನಿ ಎವಾಂದ್ರೊ. ಒಬ್ಬನೇ. ಯಾಕೆ?"

"ಅಲ್ಲಿರೋದು ಹೆಗ್ಗಣ ಕಣೇ."

ಅವಳ ಕೈಯಿಂದ ಒದ್ದೆ ದಿಂಬಿನ ಚೀಲ ಜಾರಿ ನನ್ನ ತಲೆಯ ಮೇಲೆ ಬಿತ್ತು. ಅವಳೂ ಆ ಎರಡು ಹೆಸರನ್ನು ಯಾವತ್ತೂ ಸೇರಿಸಿ ನೋಡಿರಲಿಲ್ಲ.

ಪ್ರೊಫೆಸರ್ ಪಾಂತಾನಿ ಊಟಕ್ಕೆ ಕೂತಿದ್ದರು. ಒಣರೊಟ್ಟಿಯ ಮೇಲೆ ಬಿಸಿ ಸಾರು, ಅದರ ಮೇಲೊಂದು ಮೊಟ್ಟೆ. ಹನ್ನೊಂದು ವರ್ಷದ ಹಿಂದೆ ಪೆರೂಜಿಯಾದಿಂದ ಬಂದು ನೆಲಮಾಳಿಗೆಯನ್ನೇ ಮ್ಯೂಸಿಯಂ ಮಾಡಿಕೊಂಡ ಮನುಷ್ಯ. ಊಟದ ಮೇಜಿನ ಮೇಲೆ ಉಪ್ಪಿಗಿಂತ ಹಳೇ ಮಡಕೆಯ ಬೋಕಿಗಳೇ ಹೆಚ್ಚು. ಗಡ್ಡದಲ್ಲಿ ಎರಡೂವರೆ ಸಾವಿರ ವರ್ಷದ ಧೂಳಿದೆ ಎಂದು ನಾನು ಎಲ್ಲೆಡೆ ಹೇಳುತ್ತೇನೆ, ಈವರೆಗೆ ಯಾರೂ ಅಲ್ಲಗಳೆದಿಲ್ಲ.

"ಕೂತ್ಕೊಳ್ಳಿ," ಎಂದರು. ಪಲ್ಮೀರಾ ಯಾರೆಂದು ಹೇಳಿದ ಕೂಡಲೇ ಎದ್ದು ನಿಂತರು. ಚಮಚ ಸಾರಿನೊಳಗೆ ಮುಳುಗಿತು.

"ನನ್ನ ತಮ್ಮ ಹೇಗೆ ಸತ್ತ?" ಆಕೆ ನೇರವಾಗಿ ಕೇಳಿದರು.

"ಎವಾಂದ್ರೊ ಗುರುವಾರ ನಸುಕಿನಲ್ಲಿ ನಮ್ಮ ಆಲಿವ್ ತೋಟದ ಹಳ್ಳಕ್ಕೆ ಬಿದ್ದರು ತಾಯಿ. ಹಳೇ ಸಮಾಧಿಯ ಬಾವಿ ಅದು, ಮೆಟ್ಟಿಲು ಜಾರುತ್ತೆ. ನಮ್ಮ ಡಾಕ್ಟರು ರಜದಲ್ಲಿದ್ರು, ವಿತೆರ್ಬೊದಿಂದ ಬೇರೆಯವರು ಬಂದು ನೋಡಿ ಬರೆದುಕೊಟ್ಟರು."

"ನೋಟೀಸು ಬರೆಸಿದ್ದು ಯಾರು?" ಇದು ನಾನು. ನನ್ನ ದನಿ ಕೇಳಿ ಕಿಟಕಿಯ ಗಾಜು ನಡುಗಿತು.

"ನಾನೇ."

"ಹೆಗ್ಗಣ ಅನ್ನೋ ಸಾಲು ಎಲ್ಲಿ? ಊರಿಗೆ ಊರೇ ಬರ್ತಿತ್ತು ಪ್ರೊಫೆಸರ್ರೇ. ಬ್ಯಾಂಡಿನವರು ಬರ್ತಿದ್ರು. ಅವನನ್ನ ಹಿಡಿಯೋಕೆ ಕಾದಿರೋ ಪೊಲೀಸರು ಬರ್ತಿದ್ರು. ನಾಯಿನ ಹೂತ ಹಾಗೆ ಮಾಡಿಬಿಟ್ರಲ್ಲ!"

ಪ್ರೊಫೆಸರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಅವರು ಕನ್ನಡಕ ಒರೆಸಲು ಶುರು ಮಾಡಿದರೆಂದರೆ ಪಾಠ ಬರುತ್ತದೆ ಎಂದರ್ಥ.

"ಗಿಡ್ಡಗೋಡೆಯ ಮೇಲೆ ನಾನು ಹಾಕಿಸಿದ ಫಲಕ ಓದಿದ್ದೀಯಾ ಅಂಟಣ್ಣ? 'ಎಟ್ರಸ್ಕನ್ ಮ್ಯೂಸಿಯಂ' ಅಂತ ಇದೆ. ಹನ್ನೊಂದು ವರ್ಷದಿಂದ ಆ ಫಲಕ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತೆ. ರೋಮಿಗಿಂತ ಮುಂಚೆ ಈ ನೆಲದಲ್ಲಿದ್ದ ಆ ಜನಕ್ಕೆ ಆ ಹೆಸರಿಟ್ಟವರು ಯಾರು? ಪಕ್ಕದ ಮನೆಯವರು! ಗ್ರೀಕರು ತಿರ್ಸೇನೊಯ್ ಅಂದ್ರು. ಉಂಬ್ರಿಯದವರು ತುರ್ಸ್ಕೊ ಅಂದ್ರು. ರೋಮಿನವರು ಅದನ್ನೇ ಬಾಯಲ್ಲಿ ಹೊರಳಾಡಿಸಿ ತುಸ್ಕಿ ಅಂದ್ರು, ಎತ್ರುಸ್ಕಿ ಅಂದ್ರು. ಮೇಲಿನ ಸೀಮೆಯವರು ತೊಸ್ಕಾನಾ ತೊಸ್ಕಾನಾ ಅಂತ ಎದೆ ಉಬ್ಬಿಸ್ತಾರಲ್ಲ, ಅದೂ ಇದರದೇ ಮರಿ."

"ಅದಕ್ಕೆ ಅರ್ಥ ಏನು?" ಎಂದರು ಪಲ್ಮೀರಾ. ನಾನು ಗಡಿಯಾರ ನೋಡಿದೆ. ಆಕೆ ನೋಡಲಿಲ್ಲ.

"ಖಚಿತವಾಗಿ ಯಾರಿಗೂ ಗೊತ್ತಿಲ್ಲ ತಾಯಿ. ಗ್ರೀಕರಲ್ಲಿ ತಿರ್ಸಿಸ್ ಅಂದ್ರೆ ಗೋಪುರ. ಗೋಪುರ ಕಟ್ಟಿಕೊಂಡಿದ್ದ ಜನ, ಅದಕ್ಕೆ ಹಾಗಂದ್ರು ಅಂತ ಕೆಲವರ ವಾದ. ಲಿಡಿಯಾ ಸೀಮೆಯಲ್ಲಿ ಕ್ಷಾಮ ಬಂದು, ತಿರ್ರೇನೊಸ್ ಅನ್ನೋ ರಾಜಕುಮಾರ ಅರ್ಧ ಜನರನ್ನ ಹಡಗು ಹತ್ತಿಸಿ ಕರಕೊಂಡು ಬಂದ, ಅವನ ಹೆಸರೇ ನಿಂತಿತು ಅಂತ ಹಳೇ ಗ್ರೀಕನೊಬ್ಬನ ಕಥೆ. ಇನ್ನೊಬ್ಬ ಗ್ರೀಕ, ಅದೆಲ್ಲ ಸುಳ್ಳು, ಅವರು ಎಲ್ಲಿಂದಲೂ ಬಂದವರಲ್ಲ, ಇಲ್ಲಿಯವರೇ ಅಂದ. ಜಗಳ ಇನ್ನೂ ಮುಗಿದಿಲ್ಲ. ಆದರೆ ಅವರು ತಮ್ಮನ್ನ ತಾವು ಏನಂತ ಕರೆದುಕೊಂಡರು? ಅದು ಮಾತ್ರ ಕಲ್ಲಿನ ಮೇಲಿದೆ. ರಸ್ನ. ರಸೆನ್ನ. ಬಹುಶಃ ಬರೀ 'ಜನ' ಅಂತಷ್ಟೇ. ನಾವು ಜನ, ಅಷ್ಟೆ. ಎಷ್ಟು ಸರಳ! ಅದನ್ನ ಒಬ್ಬ ನೆರೆಯವನೂ ಬಳಸಲಿಲ್ಲ. ಎರಡು ಸಾವಿರ ವರ್ಷದಿಂದ ನಾವೂ ಬಳಸ್ತಿಲ್ಲ."

"ಅಂದ್ರೆ," ಎಂದೆ ನಾನು, "ಎಟ್ರಸ್ಕನ್ ಅನ್ನೋದೂ ಹೆಗ್ಗಣ ಅನ್ನೋ ಥರದ್ದೇ. ಒಂದು ಇಡೀ ಜನಕ್ಕೆ ಬೀದಿಯವರು ಇಟ್ಟ ಹೆಸರು."

ಪ್ರೊಫೆಸರ್ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಈ ಮಾತನ್ನು ಇಷ್ಟು ಚೊಕ್ಕವಾಗಿ ಯುರೋಪಿನ ಒಬ್ಬ ವಿದ್ವಾಂಸನೂ ಹೇಳಿಲ್ಲ ಎಂದು ಅವರ ಮುಖದ ಮೇಲೆ ಬರೆದಿತ್ತು. ಬಾಯಿಬಿಟ್ಟು ಹೇಳಲಿಲ್ಲ, ವಿದ್ವಾಂಸರ ಸ್ವಭಾವವೇ ಹಾಗೆ.

"ಅದಕ್ಕೇ," ಎಂದರು ಮೆಲ್ಲಗೆ. "ಎವಾಂದ್ರೊ ಸತ್ತಾಗಲಾದರೂ ತಾಯಿ ಇಟ್ಟ ಹೆಸರಲ್ಲೇ ಹೋಗಲಿ ಅಂತ ಅನ್ನಿಸ್ತು. ಯಾರೂ ಬರೋದಿಲ್ಲ ಅಂತ ನನಗೆ ಹೊಳೆಯಲಿಲ್ಲ. ನಾನು ಹೊರಗಿನವನು."

ಪಲ್ಮೀರಾ ಸೆರಗಿನಂಥ ತಮ್ಮ ಕಪ್ಪು ಶಾಲನ್ನು ಮುಖಕ್ಕೆ ಒತ್ತಿಕೊಂಡರು. ನಿಜ ಹೇಳುತ್ತೇನೆ, ಇನ್ನರ್ಧ ನಿಮಿಷ ಹೋಗಿದ್ದರೆ ನಾನು ಆ ಮನುಷ್ಯನ ಕೈಕುಲುಕಿ ಹೊರಟುಬಿಡುತ್ತಿದ್ದೆ.

ಎರಡೂಕಾಲು ಆಗಿತ್ತು.

"ಪ್ರೊಫೆಸರ್ರೇ, ಊರು ನಿಮ್ಮನ್ನ ಏನಂತ ಕರೆಯುತ್ತೆ ಗೊತ್ತಾ?"

"ನನ್ನನ್ನಾ? ಪ್ರೊಫೆಸರ್ ಅಂತ."

"ಅದು ನಿಮ್ಮ ಮುಂದೆ. ಹಿಂದೆ?"

ಅವರ ಕಿವಿ ಕೆಂಪಾಯಿತು. "ನನಗೂ ಇಟ್ಟಿದ್ದಾರಾ?" ಆ ದನಿಯಲ್ಲಿದ್ದದ್ದು ಸಿಟ್ಟಲ್ಲ, ಆಸೆ. ಹನ್ನೊಂದು ವರ್ಷ ಈ ಊರಿನ ನೀರು ಕುಡಿದವನಿಗೆ ಅಡ್ಡಹೆಸರು ಸಿಕ್ಕಿತೆಂದರೆ ಒಳಗೆ ಕರೆದುಕೊಂಡಂತೆ.

"ಎಟ್ರಸ್ಕನ್," ಎಂದೆ.

ಪ್ರೊಫೆಸರ್ ಕುರ್ಚಿಯ ಮೇಲೆ ಕುಸಿದರು. ನಗಬೇಕೋ ಅಳಬೇಕೋ ಅವರಿಗೆ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಮನುಷ್ಯ ಮೆತ್ತಗಾದ ಆ ಕ್ಷಣಕ್ಕಾಗಿಯೇ ನಾನು ಕಾದಿದ್ದೆ. ಅಂಗಿಯೊಳಗಿಂದ ನೋಟೀಸು ತೆಗೆದು ಸಾರಿನ ಬಟ್ಟಲಿನ ಪಕ್ಕ ಹರಡಿದೆ.

"ಇದರ ಕೆಳಗಿನ ಮೂಲೆ ನೋಡಿ."

"ಏನಿದೆ?"

"ಪುರಸಭೆಯ ಮುದ್ರೆ. ನೀಲಿ. ಇದಿಲ್ಲದೆ ಪೋಪ್ ಸತ್ತರೂ ನಾನು ಅಂಟಿಸೋದಿಲ್ಲ. ಮುದ್ರೆ ಒತ್ತಿದ ಮೇಲೆ ಒಫೇಲಿಯಾ ಕಟ್ಟನ್ನ ಬಾಗಿಲ ಪಕ್ಕದ ಮರದ ಪೆಟ್ಟಿಗೆಗೆ ಹಾಕ್ತಾಳೆ, ಮಾರನೇ ಬೆಳಗ್ಗೆ ನಾನು ತೆಗೆದುಕೊಳ್ತೀನಿ. ಮುದ್ರೆಯ ನಡುವೆ ತಾರೀಕಿರುತ್ತೆ, ಓದಿ. ನಿಮ್ಮ ಕನ್ನಡಕ ಈಗ ಸ್ವಚ್ಛವಾಗಿದೆಯಲ್ಲ."

ಪ್ರೊಫೆಸರ್ ಓದಲಿಲ್ಲ. ಪಲ್ಮೀರಾ ಬಾಗಿ ಓದಿದರು.

"ಬುಧವಾರದ ತಾರೀಕು," ಎಂದರು ಆಕೆ. ಆಮೇಲೆ ಒಂದೊಂದೇ ಮಾತನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ: "ನನ್ನ ತಮ್ಮ ಬಿದ್ದದ್ದು ಗುರುವಾರ ಅಂದ್ರಲ್ಲ."

ಮೇಜಿನ ಮೇಲಿದ್ದ ಬೋಕಿಗಳು ಕೂಡ ಉಸಿರು ಬಿಗಿಹಿಡಿದವು.

"ಬುಧವಾರ ಕಚೇರಿ ಮುಚ್ಚೋದು ಎರಡು ಗಂಟೆಗೆ," ಎಂದೆ. "ಅಂದ್ರೆ ಮನುಷ್ಯ ಸಾಯೋಕೆ ಒಂದಿಡೀ ರಾತ್ರಿ ಇರೋವಾಗಲೇ ಅವನ ಸಾವು ಅಚ್ಚಾಗಿ, ಮುದ್ರೆ ಬಿದ್ದು, ಪೆಟ್ಟಿಗೆಯಲ್ಲಿ ಕೂತಿತ್ತು. ಈಗ ಹೇಳಿ ಪ್ರೊಫೆಸರ್ರೇ, ಇದೂ ಗ್ರೀಕರ ಕೆಲಸವೇ?"

"ಬರೆದುಕೊಟ್ಟದ್ದು ನಾನು." ಅವರ ದನಿ ಇಷ್ಟೇ ಇಷ್ಟಾಗಿತ್ತು. "ಅಚ್ಚು ಹಾಕಿಸಿ ಮುದ್ರೆ ಒತ್ತಿಸಿದ್ದು ನಾನಲ್ಲ."

"ಮತ್ತೆ?"

"ಹೆಗ್ಗಣ."

ಪಲ್ಮೀರಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಮಂಗಳವಾರ ಇಲ್ಲೇ ಬಂದು ನಿಂತ," ಎಂದರು ಪ್ರೊಫೆಸರ್. "ಎವಾಂದ್ರೊ ಬಾರ್ತೊಚ್ಚೀನಿ ಅಂತ ಬರೀರಿ, ಬೇರೆ ಹೆಸರು ಒಂದಕ್ಷರ ಬೇಡ ಅಂದ. ಬೇಕಾದರೆ ಒಫೇಲಿಯಾನ ಕೇಳು, ಕಟ್ಟು ತಂದುಕೊಟ್ಟದ್ದು ಅವನೇ."

"ತನ್ನ ಸಾವಿನ ನೋಟೀಸು ತಾನೇ ತಂದುಕೊಟ್ಟನಾ?"

ಪ್ರೊಫೆಸರ್, "ಮಾತು ಕೊಟ್ಟಿದ್ದೀನಿ ಅಂಟಣ್ಣ," ಎಂದರು. "ನನಗೆ ಗೊತ್ತಿರೋದನ್ನ ನಾನು ಹೇಳೋ ಹಾಗಿಲ್ಲ. ಆದರೆ ಈ ತಾಯಿಗೆ ಅವರ ತಮ್ಮನ ಮುಖ ತೋರಿಸಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಹೋಗಿ. ನಾಲ್ಕರೊಳಗೆ ಹೋಗಿ."

ಊರಿನ ಬಲವಿಲ್ಲದೆ ಬೆಸುಗೆ ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಲ್ಮೀರಾರನ್ನು ಸ್ಮಶಾನದ ದಾರಿಗೆ ಹತ್ತಿಸಿ ಸೆರಾಫೀನಾಳ ಬಾರಿಗೆ ಓಡಿದೆ. ಒಂದೂವರೆ ಮೈಲಿಯನ್ನು ಎರಡು ನಿಮಿಷದಲ್ಲಿ ಓಡಿದೆ. ನಂಬದವರು ಬಿಡಲಿ. ಶನಿವಾರದ ಇಸ್ಪೀಟು ಭರ್ಜರಿಯಾಗಿ ನಡೆದಿತ್ತು.

"ಹೆಗ್ಗಣ ಸತ್ತ!" ಎಂದು ಬಾಗಿಲಲ್ಲೇ ಕೂಗಿದೆ. "ಆ ನೋಟೀಸು, ಆ ಬಾರ್ತೊಚ್ಚೀನಿ, ಅವನೇ ಹೆಗ್ಗಣ!"

ಎಲೆಗಳು ಮೇಜಿನ ಮೇಲೆ ಬಿದ್ದವು. ಸೆರಾಫೀನಾ ಒರೆಸುತ್ತಿದ್ದ ಲೋಟವನ್ನು ಒಡೆದಳು, ಬೇಕೆಂದೇ ಒಡೆದಳೆಂದು ಕಾಣುತ್ತದೆ.

"ಸುಳ್ಳು ಹೇಳ್ತಿದ್ದೀಯಾ ಅಂಟಣ್ಣ," ಎಂದಳು. "ನೀನು ಯಾವಾಗ ನಿಜ ಹೇಳಿದ್ದೀಯಾ?"

"ಒಫೇಲಿಯಾನ ಕೇಳು. ಒಂಬತ್ತನೇ ನಂಬರು."

"ಅಯ್ಯೋ, ಆ ನೋಟೀಸು ನಮ್ಮ ಬಾಗಿಲ ಎದುರಿಗೇ ಇದೆಯಲ್ಲೋ! ಎರಡು ದಿನದಿಂದ ಓದ್ತಿದ್ದೀನಿ. ಪಾಪ, ಯಾವ ತಾಯಿಯ ಮಗನೋ ಅಂದ್ಕೊಂಡೆ. ಅವನು ಕುಡಿದ ಕಾಫಿ ಲೆಕ್ಕ ಕೊಟ್ಟಿಲ್ಲ ಅಂತ ನಿನ್ನೆ ಕೂಡ ಬೈದೆ, ಸತ್ತವನಿಗೆ ಬೈದೆನಲ್ಲೋ!"

ಐದು ನಿಮಿಷದಲ್ಲಿ ಊರು ಬರಿದಾಯಿತು. ಒಲೆಯ ಮೇಲಿನ ಪಾತ್ರೆ ಒಲೆಯ ಮೇಲೇ ಉಳಿಯಿತು. ಬ್ಯಾಂಡಿನ ಕಹಳೆಯವನು ಮನೆಯೊಳಗಿನ ಚಪ್ಪಲಿಯಲ್ಲೇ ಬಂದ. ನಾಲ್ಕು ಸಾವಿರ ಜನ ಇದ್ದರು ಎಂದು ಬರೆಯಲು ನನಗೆ ಆಸೆಯಿದೆ, ಊರಿನ ಜನಸಂಖ್ಯೆ ಅಡ್ಡ ಬರುತ್ತದೆ.

ನಾವು ಸ್ಮಶಾನದ ಗೇಟು ದಾಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಗಾರೆಯ ಕ್ವಿರೀನೊ ಕರಣೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಬಾಣಲೆ ತುಂಬ ಕಲಸಿದ ಗಾರೆ, ಒಂದು ಸಾಲು ಇಟ್ಟಿಗೆ. ಪೆಟ್ಟಿಗೆ ಇನ್ನೂ ಕಟ್ಟೆಯ ಮೇಲಿತ್ತು. ಅದನ್ನು ತಳ್ಳಬೇಕಾದ ಗೋಡೆಯ ಗೂಡಿನ ಬಾಯಲ್ಲಿ, ಸೊಂಟದೆತ್ತರದಲ್ಲಿ, ಪಲ್ಮೀರಾ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಕೈಚೀಲ ತೊಡೆಯ ಮೇಲಿತ್ತು, ಬಸ್ಸಿಗೆ ಕಾಯುತ್ತಿರುವವರ ಹಾಗೆ.

"ಅಂಟಣ್ಣ, ಇವರಿಗೆ ಹೇಳಪ್ಪ," ಎಂದ ಕ್ವಿರೀನೊ. "ಗಾರೆ ಗಟ್ಟಿ ಆಗ್ತಿದೆ."

"ನನ್ನನ್ನೂ ಸೇರಿಸಿ ಮುಚ್ಚು," ಎಂದರು ಪಲ್ಮೀರಾ. "ಮಠದಲ್ಲಿ ನಲವತ್ತು ವರ್ಷ ಇದ್ದವಳು ನಾನು. ಇದಕ್ಕಿಂತ ಸಣ್ಣ ಕೋಣೆ ನೋಡಿದ್ದೀನಿ."

ಠಾಣೆಯ ಸಾಹೇಬ ಲೊರೇತಿ ಜನರನ್ನು ಸೀಳಿಕೊಂಡು ಬಂದರು. "ಏನಿದು ಸಂತೆ? ಪೆಟ್ಟಿಗೆ ಬಿಚ್ಚೋಕೆ ವಿತೆರ್ಬೊದ ಕಾಗದ ಬೇಕು. ಎಷ್ಟು ಸಲ ಹೇಳಬೇಕು?"

ನಾನು ನೋಟೀಸು ತೋರಿಸಿದೆ. ಬುಧವಾರದ ಮುದ್ರೆ, ಗುರುವಾರದ ಸಾವು. ಹಿಂದೆ ನಿಂತಿದ್ದ ಒಫೇಲಿಯಾ, "ಹೌದು ಸಾಹೇಬ್ರೇ, ಒತ್ತಿದ್ದು ನಾನೇ, ತಂದುಕೊಟ್ಟದ್ದು ಹೆಗ್ಗಣ. ನಗ್ತಾ ತಂದುಕೊಟ್ಟ. ಯಾರದು ಅಂದ್ರೆ, ಒಬ್ಬ ಒಳ್ಳೆಯವನದು ಅಂದ," ಎಂದಳು.

ಸಾಹೇಬರು ಎರಡು ಸಲ ಓದಿದರು. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಅಮ್ಮಾ, ಗೂಡಿಂದ ಇಳೀರಿ," ಎಂದರು. "ಕ್ವಿರೀನೊ, ತಗಡು ಕತ್ತರಿಸೋ ಕತ್ತರಿ ಇದೆಯಾ? ಕಾಗದ ಆಮೇಲೆ ಬರುತ್ತೆ. ಬರದಿದ್ದರೆ ನನ್ನನ್ನ ಯಾವುದಾದರೂ ದ್ವೀಪಕ್ಕೆ ವರ್ಗ ಮಾಡ್ತಾರೆ, ಅಷ್ಟೆ ತಾನೇ."

ಮರದ ಮುಚ್ಚಳ ಸುಲಭವಾಗಿ ಎದ್ದಿತು. ಒಳಗಿನ ಸತುವಿನ ತಗಡು ಕತ್ತರಿಗೆ ಕಿರುಚಿತು. ಕ್ವಿರೀನೊ ತಲೆಯ ಕಡೆಯಿಂದ ಮೊಳದುದ್ದ ಕತ್ತರಿಸಿ, ತುದಿಯನ್ನು ಮಡಿಚಿ, ಹಿಂದೆ ಸರಿದ. ಕಹಳೆಯವನು ಟೋಪಿ ತೆಗೆದ. ಎಲ್ಲರೂ ತೆಗೆದರು.

ಪಲ್ಮೀರಾ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈಚೀಲ ಕೆಳಗಿಟ್ಟು, ಒಳಗೆ ಕೈಚಾಚಿ ಕೂದಲನ್ನು ಹಿಂದಕ್ಕೆ ಸರಿಸಿದರು.

"ಎವಾಂದ್ರೊ," ಎಂದರು.

ಅಳುತ್ತಾರೆಂದುಕೊಂಡೆವು. ಅಳಲಿಲ್ಲ. ಎಡಗಿವಿಯನ್ನು ಬೆರಳಿಂದ ಮುಟ್ಟಿ ತೋರಿಸಿದರು. "ನೋಡಿ, ತುದಿ ಇಲ್ಲ. ಏಳು ವರ್ಷದವನಿದ್ದಾಗ ಹೆಬ್ಬಾತು ಕಚ್ಚಿತ್ತು. ನಾನೇ ಬಟ್ಟೆ ಕಟ್ಟಿದ್ದೆ. ನನ್ನ ತಮ್ಮನೇ. ಸಾಕು. ನೀವೂ ನೋಡಿ, ನಿಮಗೂ ಬೇಕಾದವನಲ್ಲವೇ. ಬನ್ನಿ."

ಸೆರಾಫೀನಾ ಮೊದಲು ಬಂದಳು. ಶಿಲುಬೆ ಗುರುತು ಮಾಡಿಕೊಂಡು ಬಗ್ಗಿದಳು. ಗುರುತು ಮಾಡಿದ ಕೈ ಎದೆಯ ಮೇಲೇ ನಿಂತಿತು. ಇನ್ನೊಮ್ಮೆ ಬಗ್ಗಿದಳು.

"ಅಂಟಣ್ಣ," ಎಂದಳು, ತಿರುಗದೆಯೇ. "ಇಲ್ಲಿ ಬಾ."

ನಾನು ಹೋದೆ. ಮೂವತ್ತು ವರ್ಷ ಎದುರುಬದುರು ಕೂತು ಆಡಿದ್ದೇನೆ. ಹೆಗ್ಗಣನ ಮೂಗು ಕುಂಬಳಕಾಯಿ, ಅಂಗೈ ಸಲಿಕೆ, ಉಗುರಿನ ಸಂದಿಯ ಮಣ್ಣಿನಲ್ಲಿ ಕೊತ್ತಂಬರಿ ಬೆಳೆಯಬಹುದು. ಕತ್ತಲಲ್ಲಿ ಅವನ ಕೆಮ್ಮು ಕೇಳಿದರೂ ಗುರುತು ಹಿಡಿಯುತ್ತೇನೆ.

ಪೆಟ್ಟಿಗೆಯಲ್ಲಿ ಮಲಗಿದ್ದವನು ಸಣಕಲು ಮನುಷ್ಯ. ಕತ್ತಿಯಂಥ ಮೂಗು. ಎದೆಯ ಮೇಲೆ ಜೋಡಿಸಿದ್ದ ಕೈಗಳು ಗುಮಾಸ್ತನ ಕೈಗಳ ಹಾಗೆ ಮೆತ್ತಗಿದ್ದವು, ಒಂದು ಉಗುರೂ ಮಣ್ಣು ಕಂಡಿರಲಿಲ್ಲ.

ಇವನನ್ನು ನಾನು ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ.

ಒಬ್ಬೊಬ್ಬರಾಗಿ ಬಂದರು, ಬಗ್ಗಿದರು, ಅಲ್ಲವೆಂದು ತಲೆಯಾಡಿಸಿದರು. ಕಹಳೆಯವನು, ಒಫೇಲಿಯಾ, ಹೆಗ್ಗಣನಿಗೆ ಕ್ಷೌರ ಮಾಡುವವನು. ಪಲ್ಮೀರಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು, ಕೈ ಮಾತ್ರ ತಮ್ಮನ ಹಣೆಯ ಮೇಲಿತ್ತು.

"ಯಾಕೆ?" ಎಂದರು ಕಡೆಗೆ. "ಯಾಕೆ ಹಾಗೆ ನೋಡ್ತೀರಿ?"

"ಅಕ್ಕಾ," ಎಂದೆ. "ಇವರು ನಿಮ್ಮ ಎವಾಂದ್ರೊ. ಆದರೆ ನಮ್ಮ ಹೆಗ್ಗಣ ಅಲ್ಲ."

ಸಾಹೇಬರು ಜೇಬಿನಿಂದ ಪುಸ್ತಕ ತೆಗೆದರು. ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿದರು.

"ಸರಿ. ಇವನ ಹೆಸರಲ್ಲಿ, ಇವನ ಮನೆಯಲ್ಲಿ, ಮೂವತ್ತು ವರ್ಷ ಒಬ್ಬ ಇದ್ದ. ಇವನು ಸಾಯೋ ಹಿಂದಿನ ದಿನವೇ ಇವನ ಸಾವಿನ ನೋಟೀಸು ತಂದುಕೊಟ್ಟು ಮಾಯವಾಗಿದ್ದಾನೆ. ಈಗಲೇ ಎಲ್ಲ ಠಾಣೆಗೂ ತಂತಿ ಕಳಿಸ್ತೀನಿ. ಹೆಸರು ಹೇಳಿ."

"ಹೆಗ್ಗಣ," ಎಂದಳು ಸೆರಾಫೀನಾ.

"ತಂತಿಯಲ್ಲಿ ಹೆಗ್ಗಣ ಅಂತ ಕಳಿಸಲಾ? ನಿಜವಾದ ಹೆಸರು, ತಾಯಿ."

ಸೆರಾಫೀನಾ ಒಫೇಲಿಯಾಳ ಕಡೆ ನೋಡಿದಳು.

"ನನ್ನ ದಾಖಲೆಯಲ್ಲಿ ಒಂದೇ ಹೆಸರಿರೋದು," ಎಂದಳು ಒಫೇಲಿಯಾ. "ಅದು ಈ ಪೆಟ್ಟಿಗೆಯಲ್ಲಿದೆ."

ಸಾಹೇಬರು ನನ್ನ ಕಡೆ ತಿರುಗಿದರು. ಊರಿಗೆ ಊರೇ ನನ್ನ ಕಡೆ ತಿರುಗಿತು. ಕ್ವಿರೀನೊನ ಬಾಣಲೆಯಲ್ಲಿ ಗಾರೆ ಕಲ್ಲಾಗಿತ್ತು. ಮೂವತ್ತು ವರ್ಷ ಹೆಗ್ಗಣ ತನ್ನ ಹೆಸರನ್ನು ಒಂದು ಸಲವೂ ಹೇಳಲಿಲ್ಲ, ನಾವು ಒಂದು ಸಲವೂ ಕೇಳಲಿಲ್ಲ.

ಸಾಹೇಬರು ಪೆನ್ಸಿಲ್ ಹಿಡಿದು ಕಾಯುತ್ತಲೇ ಇದ್ದರು.